ಸುಟ್ಟ ಕಾಯಿಲನ್ನು ಬುಟ್ಟಿಗೆ ಹಾಕುವ ಮುನ್ನ

ಹೊನ್ನಾವರ, ಕುಮಟಾ, ಭಟ್ಕಳ ತಾಲೂಕುಗಳಲ್ಲಿ ರೇಡಿಯೋ, ಟಿವಿ, ಆಂಪ್ಲಿಫೈಯರ್ ರಿಪೇರಿ ಅಂಗಡಿ ನಡೆಸುತ್ತಿರುವ ಎಲ್ಲರಿಗೂ ಇಡಗುಂಜಿಯಿಂದ ನಮಸ್ಕಾರ.

ಮನೆಯಲ್ಲಿ ಒಳ್ಳೆಯ ಜೋಡಿ ಸ್ಪೀಕರ್ ಇಟ್ಟುಕೊಂಡು, ಕೂತು ಕೇಳುವವರು ನಮ್ಮ ಮೂರು ತಾಲೂಕುಗಳಲ್ಲಿ ಲೆಕ್ಕಕ್ಕೆ ಕಡಿಮೆಯೇ ಇರಬಹುದು. ಆದರೆ ಇರುವವರು ಹಟ ಹಿಡಿದು ಕೇಳುವವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಿನಲ್ಲಿ ಯಕ್ಷಗಾನ ಮಂಡಳಿ ಕಟ್ಟಿದ ಸೀಮೆ ಇದು. ಕಡತೋಕಾ ಮಂಜುನಾಥ ಭಾಗವತರ, ನೆಬ್ಬೂರು ನಾರಾಯಣ ಭಾಗವತರ ಪದ್ಯಗಳನ್ನೋ ಕಾಳಿಂಗ ನಾವಡರ ಹಳೆಯ ಕ್ಯಾಸೆಟ್ಟುಗಳನ್ನೋ ಮೊಬೈಲಿನಲ್ಲಿ ಕೇಳಿದರೆ ಮದ್ದಳೆಯ ಎಡಭಾಗ ಇದೆಯೆಂಬುದೇ ತಿಳಿಯುವುದಿಲ್ಲ ಎಂದು ಗೊಣಗುವ ಜನ ಇಲ್ಲಿದ್ದಾರೆ. ಅಂಥವರ ಮನೆಯ ಬಾಕ್ಸ್ ಒಂದು ದಿನ ಕರಕರ ಎನ್ನತೊಡಗುತ್ತದೆ, ಇಲ್ಲವೇ ಮೂಕವಾಗುತ್ತದೆ, ನಿಮ್ಮ ಅಂಗಡಿಗೆ ಬರುತ್ತದೆ. ಕೌಂಟರಿನ ಮೇಲಿಟ್ಟ ಕೂಡಲೇ ತೀರ್ಪೂ ಸಿಗುತ್ತದೆ: "ವಾಲ್ಯೂಮ್ ಜಾಸ್ತಿ ಇಟ್ಟಿದ್ರಿ", "ಕರೆಂಟ್ ಜಾಸ್ತಿ ಬಂದಿರ್ಬೇಕು", "ನಮ್ಮ ಬದಿಯ ಉಪ್ಪುಗಾಳಿಗೆ ಇದೆಲ್ಲ ತಡೆಯೋದಿಲ್ಲ". ಆಮೇಲೆ ಹಳೆಯ ಪೇಪರ್ ಕತ್ತರಿಸಿ, ಕಾಯಿಲ್ ಕಿತ್ತು ಬುಟ್ಟಿಗೆ ಹಾಕಿ, ಹೊಸತನ್ನು ಕೂರಿಸುವ ಕೆಲಸ. ಆ ಕೆಲಸದಲ್ಲಿ ನಿಮ್ಮ ಕೈ ಪಳಗಿದೆ, ಅದರ ಬಗ್ಗೆ ತಕರಾರಿಲ್ಲ. ನನ್ನ ತಕರಾರಿರುವುದು ಆ ಬುಟ್ಟಿಯ ಬಗ್ಗೆ.

ಕೆಟ್ಟ ಸ್ಪೀಕರಿನೊಳಗೆ ಅದು ಏಕೆ ಕೆಟ್ಟಿತೆಂಬುದರ ಗುರುತು ಬಹುತೇಕ ಸಲ ಉಳಿದಿರುತ್ತದೆ. ಆ ಗುರುತನ್ನು ನೋಡದೆ ಕಾಯಿಲ್ ಬದಲಿಸಿದರೆ, ಕೆಡಿಸಿದ ಕಾರಣ ಗಿರಾಕಿಯ ಮನೆಯಲ್ಲೇ ಕೂತಿರುತ್ತದೆ. ಸ್ಪೀಕರ್ ತಾನಾಗಿ ಕೆಡುವುದು ಅಪರೂಪ. ಆಂಪ್ಲಿಫೈಯರ್ ಕೆಡಿಸುತ್ತದೆ, ಬಳಸುವ ರೀತಿ ಕೆಡಿಸುತ್ತದೆ, ವಯಸ್ಸು ಮತ್ತು ತೇವ ಕೆಡಿಸುತ್ತವೆ. ಈ ಮೂರಕ್ಕೂ ಔಷಧ ಬೇರೆ ಬೇರೆ. ಕಾರಣ ಆಂಪ್ಲಿಫೈಯರಿನಲ್ಲಿದ್ದರೆ ಹೊಸ ಕಾಯಿಲ್ ಸ್ವಿಚ್ ಹಾಕಿದ ಗಳಿಗೆಯಲ್ಲೇ ಹೋಗಬಹುದು. ಆಗ ಗಿರಾಕಿ ನಿಮ್ಮದು ಡೂಪ್ಲಿಕೇಟ್ ಮಾಲು ಎನ್ನುತ್ತಾನೆ, ನೀವು ಅವನದು ಒರಟು ಕೈ ಎನ್ನುತ್ತೀರಿ. ಇಬ್ಬರ ಮಾತನ್ನೂ ತೂಗಿ ನೋಡಬಹುದಾಗಿದ್ದ ಒಂದೇ ಸಾಕ್ಷಿ ಕಸದಲ್ಲಿ ಹೋಗಿರುತ್ತದೆ.

ಸ್ಪೀಕರಿನ ಮೂಲ ರಚನೆ ಬದಲಾಗಿ ನೂರು ವರ್ಷವಾಯಿತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ಮಾದರಿಯೇ ಇವತ್ತಿಗೂ ನಿಮ್ಮ ಮೇಜಿನ ಮೇಲೆ ಬರುತ್ತಿರುವುದು: ಅಯಸ್ಕಾಂತದ ಸಂದಿಯಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ ಕೋನ್. ಈ ಯಂತ್ರ ಸದ್ದು ಮಾಡುವುದಕ್ಕಿಂತ ಕಾಯುವುದರಲ್ಲೇ ಮುಂದು. ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಕೊಡುವ ಸಾಧಾರಣ ಮನೆಯ ಸ್ಪೀಕರ್, ತನಗೆ ಸಿಕ್ಕ ವಿದ್ಯುತ್ತಿನಲ್ಲಿ ಸದ್ದಾಗಿ ಮಾರ್ಪಡಿಸುವುದು ನೂರಕ್ಕೆ ಸುಮಾರು ಮೂರನೇ ಒಂದು ಪಾಲು ಮಾತ್ರ. ಉಳಿದ ತೊಂಬತ್ತೊಂಬತ್ತು ಚಿಲ್ಲರೆ ಪಾಲು ಆ ಸಣ್ಣ ಸುರುಳಿಯಲ್ಲಿ ಶಾಖವಾಗುತ್ತದೆ. ತಾಮ್ರ ಬಿಸಿಯಾದಂತೆ ಅದರ ರೋಧವೂ ಏರುತ್ತದೆ. ತಣ್ಣಗಿದ್ದಾಗ 6 ಓಮ್ ಇದ್ದ ಕಾಯಿಲ್ 200 ಡಿಗ್ರಿ ಹೆಚ್ಚು ಕಾದರೆ 10 ಓಮ್ ದಾಟುತ್ತದೆ. ಅದರಿಂದ ಸದ್ದು ಕುಗ್ಗುತ್ತದೆ. ಕೇಳುವವನಿಗೆ ಒಳಗಿನ ಬಿಸಿ ಕಾಣುವುದಿಲ್ಲ, ಕುಗ್ಗಿದ್ದು ಮಾತ್ರ ಕೇಳುತ್ತದೆ, ವಾಲ್ಯೂಮನ್ನು ಇನ್ನೂ ಒಂದು ಸುತ್ತು ಏರಿಸುತ್ತಾನೆ. ಕಾಯಿಲಿನ ವಾರ್ನಿಷ್ ಕಪ್ಪಾಗುವುದು, ಅಂಟು ಬಿಟ್ಟು ತಂತಿಯ ಸುತ್ತು ಸಡಿಲವಾಗುವುದು ಇಂಥ ಹೊತ್ತಿನಲ್ಲಿ. ಶಾಖ ಎಲ್ಲಿ, ಎಷ್ಟು, ಯಾವ ಕಡೆಯಿಂದ ಬಂತೆಂಬುದು ಆ ಕಪ್ಪಿನಲ್ಲೇ ಬರೆದಿರುತ್ತದೆ.

ಅತಿ ಹೆಚ್ಚು ತಪ್ಪು ತೀರ್ಪು ಬೀಳುವುದು ಟ್ವೀಟರ್ ಮಾತ್ರ ಹೋದಾಗ. ವೂಫರ್ ಸರಿ ಇದೆ, ಟ್ವೀಟರಿನ ಕಾಯಿಲ್ ತೆರೆದುಕೊಂಡಿದೆ, ಮಲ್ಟಿಮೀಟರ್ ಏನೂ ತೋರಿಸುತ್ತಿಲ್ಲ. ಬಾಕ್ಸಿನ ಹಿಂದೆ 100 ವ್ಯಾಟ್ ಎಂದು ಅಚ್ಚಾಗಿದೆ, ಗಿರಾಕಿಯ ಆಂಪ್ಲಿಫೈಯರ್ 30 ವ್ಯಾಟಿನದು. 30 ವ್ಯಾಟಿನಿಂದ 100 ವ್ಯಾಟಿನದು ಸುಡುವುದು ಹೇಗೆ, ಹಾಗಾಗಿ ಕಂಪನಿ ಮಾಲೇ ಸರಿಯಿಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಆ 100 ವ್ಯಾಟ್ ಎಂಬುದು ಇಡೀ ಬಾಕ್ಸಿನ ಲೆಕ್ಕ. ಸಂಗೀತದ ಶಕ್ತಿಯ ಬಹುಪಾಲು ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿರುತ್ತದೆ, ಮೇಲಿನ ಸ್ವರಗಳಲ್ಲಿ ಕಡಿಮೆ ಎಂಬ ನಂಬಿಕೆಯ ಮೇಲೆ ಅದನ್ನು ನಿಗದಿ ಮಾಡಿರುತ್ತಾರೆ. ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60268-5ರ ಪರೀಕ್ಷೆಯಲ್ಲಿ ಬಳಸುವ ಗದ್ದಲವೂ ಸಂಗೀತದ ಇದೇ ಹಂಚಿಕೆಯನ್ನು ಅನುಸರಿಸಿದ್ದು. ಟ್ವೀಟರಿನ ಕೂದಲೆಳೆಯಂಥ ತಂತಿ ನಿರಂತರವಾಗಿ ತಾಳುವುದು ಕೆಲವೇ ವ್ಯಾಟ್.

30 ವ್ಯಾಟಿನ ಆಂಪ್ಲಿಫೈಯರನ್ನು ಅದರ ಮಿತಿ ಮೀರಿ ತಿರುಗಿಸಿದಾಗ ಆಗುವುದು ಇಷ್ಟು. ಚಂಡೆ ಮದ್ದಳೆಯ ದೊಡ್ಡ ಅಲೆಗಳ ತಲೆ ಮಟ್ಟಸವಾಗಿ ಕತ್ತರಿಸಿಹೋಗುತ್ತದೆ. ಅವು ಅದಕ್ಕಿಂತ ಮೇಲೆ ಏರಲಾರವು. ಆದರೆ ಭಾಗವತರ ತಾಳದ ಕಿಣಿಕಿಣಿ, ಸಕಾರ ಷಕಾರಗಳ ಉಸಿರು ಮೊದಲು ಸಣ್ಣದಿದ್ದವು, ಅವಕ್ಕೆ ಏರಲು ಇನ್ನೂ ಜಾಗವಿದೆ. ಗುಂಡಿಯನ್ನು 10 ಡೆಸಿಬೆಲ್ ಏರಿಸಿದರೆ ಅವು ಹತ್ತು ಪಟ್ಟಾಗುತ್ತವೆ. ಅಂದರೆ ವೂಫರಿಗೆ ಹೋಗುವ ಶಕ್ತಿ ನಿಂತಲ್ಲೇ ನಿಂತು, ಟ್ವೀಟರಿಗೆ ಹೋಗುವುದು ಬೆಳೆಯುತ್ತದೆ. ತಲೆ ಕತ್ತರಿಸಿದ ಅಲೆಯೇ ಹೊಸ ಮೇಲುಸ್ವರಗಳನ್ನು ಹುಟ್ಟಿಸುವುದೂ ನಿಜ. ಪೂರ್ತಿ ಚೌಕವಾದ ಅಲೆಯಲ್ಲಿ ಶಕ್ತಿಯ ಸುಮಾರು 19 ಶೇಕಡಾ ಮೂಲಸ್ವರದ ಹೊರಗಿರುತ್ತದೆ. ಜೊತೆಗೆ, 30 ವ್ಯಾಟ್ ಎಂದು ಅಳೆದದ್ದು ದುಂಡನೆಯ ಅಲೆಗೆ. ಅದು ಚೌಕವಾದಾಗ ಅದೇ ಯಂತ್ರ 60 ವ್ಯಾಟಿನವರೆಗೂ ತಳ್ಳಬಲ್ಲದು. ಸಣ್ಣ ಆಂಪ್ಲಿಫೈಯರೇ ಅಪಾಯ ಎಂಬ ಮಾತು ನಿಮ್ಮಲ್ಲಿ ಕೆಲವರ ಬಾಯಲ್ಲಿದೆ, ಅದು ಪೂರ್ತಿ ಸರಿಯಲ್ಲ. ಮಿತಿಯೊಳಗೆ ನುಡಿಯುವ 20 ವ್ಯಾಟ್ 100 ವ್ಯಾಟಿನ ಬಾಕ್ಸಿಗೆ ಏನೂ ಮಾಡುವುದಿಲ್ಲ. ಕೆಡಿಸುವುದು ಮಿತಿ ಮೀರಿದ ತಿರುಗಣೆ. ಹಾಗೆ ತಿರುಗಿಸುವ ಪ್ರಸಂಗ ನಮ್ಮಲ್ಲಿ ಎಲ್ಲಿ ಬರುತ್ತದೆಂದು ಊಹಿಸುವುದೂ ಕಷ್ಟವಲ್ಲ: ಮನೆಯೊಳಗಿನ ಬಾಕ್ಸನ್ನು ಪೂಜೆಗೋ ಮದುವೆಗೋ ಅಂಗಳಕ್ಕೆ ತಂದಿಟ್ಟಾಗ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 2 ಮೀಟರಿನಲ್ಲಿ ಕೇಳುತ್ತಿದ್ದಷ್ಟೇ 8 ಮೀಟರಿನಲ್ಲೂ ಕೇಳಬೇಕೆಂದರೆ 16 ಪಟ್ಟು ಶಕ್ತಿ ಬೇಕು. ಗೋಡೆ ಮಾಡುಗಳ ಮರುದನಿಯ ಸಹಾಯ ತಪ್ಪಿದ್ದು ಬೇರೆ.

ಇಲ್ಲಿ ಚಂಡೆಯ ಮೇಲೆ ಹೊರಿಸುವ ಅಪವಾದವನ್ನೂ ತೆಗೆದುಹಾಕಬೇಕು. ಚಂಡೆಯ ಪೆಟ್ಟಿಗೆ ಮನೆಯ ಸ್ಪೀಕರ್ ತಡೆಯುವುದಿಲ್ಲ ಎಂಬ ಮಾತು ನಮ್ಮ ಕಡೆ ಗಾದೆಯಷ್ಟೇ ಸಲೀಸು. ಪೆಟ್ಟು ಚೂಪಾದದ್ದು ನಿಜ, ಆದರೆ ಚೂಪಾದದ್ದು ಕ್ಷಣಿಕವೂ ಹೌದು. ಸಂಸ್ಕರಿಸದೆ ಮುದ್ರಿಸಿದ ತಾಳವಾದ್ಯದಲ್ಲಿ ಸರಾಸರಿ ಮಟ್ಟಕ್ಕಿಂತ ಶಿಖರ 15ರಿಂದ 20 ಡೆಸಿಬೆಲ್ ಮೇಲಿರುವುದುಂಟು. ಶಿಖರ 50 ವ್ಯಾಟ್ ಮುಟ್ಟಿದರೂ ಸರಾಸರಿ ಒಂದೆರಡು ವ್ಯಾಟಿನ ಆಸುಪಾಸಿನಲ್ಲಿರುತ್ತದೆ, ಕಾಯಿಲನ್ನು ಕಾಯಿಸುವುದು ಸರಾಸರಿಯೇ ಹೊರತು ಶಿಖರವಲ್ಲ. ಆಟದ ರಾತ್ರಿ ಯಾರೋ ಮೊಬೈಲಿನಲ್ಲಿ ಹಿಡಿದು ಕಳಿಸಿದ ಧ್ವನಿಮುದ್ರಣದ ಕಥೆ ಬೇರೆ. ಅಲ್ಲಿ ಚಂಡೆಯ ತಲೆ ಮೊದಲೇ ಚಪ್ಪಟೆಯಾಗಿದೆ, ಸರಾಸರಿ ಶಿಖರದ ಹತ್ತಿರ ಬಂದಿದೆ. ಅದನ್ನೂ ಸಣ್ಣಗೆ ಕೇಳಿದರೆ ಸ್ಪೀಕರಿಗೆ ಹಾನಿಯಿಲ್ಲ, ಕಿವಿಗೆ ಮಾತ್ರ ಬೇಸರ. ಜೋರಾಗಿ ಇಟ್ಟರೆ ಅದೇ ಗುಂಡಿಯ ಮಟ್ಟದಲ್ಲಿ ಹಳೆಯ ಒಳ್ಳೆಯ ಕ್ಯಾಸೆಟ್ಟಿಗಿಂತ ಹೆಚ್ಚು ಶಾಖ. ದೂರು ಕೊಡಬೇಕಾದರೆ ಗುಂಡಿಯ ಮೇಲೆ ಕೊಡೋಣ, ವಾದ್ಯದ ಮೇಲೆ ಬೇಡ.

ಈಗ ತದ್ವಿರುದ್ಧ ದೃಶ್ಯ: ವೂಫರಿನ ಕಾಯಿಲ್ ಕರಕಲು, ಟ್ವೀಟರ್ ಹೊಸದರಂತಿದೆ. ಇದನ್ನೂ ವಾಲ್ಯೂಮ್ ಜಾಸ್ತಿ ಎಂಬ ಒಂದೇ ಪಟ್ಟಿಗೆ ಸೇರಿಸುವುದು ಈ ಕಸುಬಿನ ಅತಿ ದುಬಾರಿ ತಪ್ಪು. ಆಂಪ್ಲಿಫೈಯರಿನ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಅದರ ಒಳಗಿನ ನೇರ ವಿದ್ಯುತ್ತು, ಎಂದರೆ ಡಿಸಿ, ತಂತಿಯಗುಂಟ ಸ್ಪೀಕರಿಗೆ ಇಳಿಯುತ್ತದೆ. 35 ವೋಲ್ಟ್ 6 ಓಮಿನ ಕಾಯಿಲಿಗೆ ಸಿಕ್ಕರೆ 200 ವ್ಯಾಟ್, ಅದೂ ಎಡೆಬಿಡದೆ, ಸದ್ದೇ ಇಲ್ಲದೆ. ಟ್ವೀಟರಿನ ದಾರಿಯಲ್ಲಿ ಕ್ರಾಸ್‌ಓವರಿನ ಕೆಪಾಸಿಟರ್ ಇರುವುದರಿಂದ ಡಿಸಿ ಅಲ್ಲಿಗೆ ದಾಟುವುದಿಲ್ಲ. ವೂಫರಿಗೆ ಆ ರಕ್ಷಣೆಯಿಲ್ಲ. ಡಿಸಿ ಕೋನನ್ನು ಒಂದೇ ಕಡೆಗೆ, ಹೊರಕ್ಕೋ ಒಳಕ್ಕೋ, ಒತ್ತಿ ಹಿಡಿಯುತ್ತದೆ. ಕಾಯಿಲಿನ ಒಂದು ತುದಿ ಸಂದಿಯಿಂದ ಆಚೆ ಬಂದು, ಸುತ್ತಲಿನ ಕಬ್ಬಿಣಕ್ಕೆ ಶಾಖ ಬಿಟ್ಟುಕೊಡಲಾರದೆ ಅಲ್ಲೇ ಹೆಚ್ಚು ಸುಡುತ್ತದೆ. ಆದ್ದರಿಂದ ಕಾಯಿಲಿನ ಒಂದು ಬದಿ ಕಪ್ಪಾಗಿ ಇನ್ನೊಂದು ಬದಿ ಅಷ್ಟಾಗಿ ಬಣ್ಣಗೆಡದಿದ್ದರೆ ಸ್ಪೀಕರನ್ನು ಬದಿಗಿಟ್ಟು ಆಂಪ್ಲಿಫೈಯರ್ ತರಿಸಿ. ಜೋರು ಸಂಗೀತದಿಂದ ಸುಟ್ಟದ್ದು ಬಹುತೇಕ ಎರಡೂ ತುದಿಯಲ್ಲಿ ಸಮನಾಗಿ ಕಪ್ಪಾಗಿರುತ್ತದೆ. ಈ ಒಂದು ಗುರುತು ತಿಳಿದಿದ್ದರೆ ಎಷ್ಟೋ ವೂಫರುಗಳು ಎರಡನೇ ಸಲ ಸುಡುವುದು ತಪ್ಪುತ್ತದೆ.

ಕಾಯಿಲ್ ಸುಡದೆಯೂ ಸ್ಪೀಕರ್ ಸಾಯುತ್ತದೆ. ತಾಮ್ರ ಹೊಳೆಯುತ್ತಿದೆ, ಆದರೆ ಕಾಯಿಲ್ ಸುತ್ತಿದ ಕೊಳವೆಯ ಹಿಂದಿನ ಅಂಚು ಜಜ್ಜಿದೆ, ಅಥವಾ ಸ್ಪೈಡರ್ ಹರಿದಿದೆ, ಕೋನಿಗೆ ಹೋಗುವ ಹೆಣೆದ ತಂತಿ ತುಂಡಾಗಿದೆ ಎಂದರೆ ಅದು ಶಾಖದ ಕೆಲಸವಲ್ಲ, ಅತಿಯಾದ ಚಲನೆಯದು. ಬಾಸ್ ಗುಂಡಿಯನ್ನು ಕೊನೆಗೆ ತಿರುಗಿಸಿದರೆ ಆ ಸ್ವರಗಳಿಗೆ ಸುಮಾರು 10 ಡೆಸಿಬೆಲ್ ಸೇರುತ್ತದೆ, ಅಂದರೆ ಹತ್ತು ಪಟ್ಟು ವ್ಯಾಟ್. ಅದರ ಮೇಲೆ, ಗಾಳಿ ಹೋಗಲು ತೂತಿರುವ ಪೆಟ್ಟಿಗೆಯಲ್ಲಿ ಒಂದು ಮಟ್ಟಕ್ಕಿಂತ ಕೆಳಗಿನ ಸ್ವರಕ್ಕೆ ಕೋನನ್ನು ಹಿಡಿದಿಡುವ ಒಳಗಾಳಿಯ ಬಿಗಿ ಇರುವುದಿಲ್ಲ. ಇನ್ನು ಅಯಸ್ಕಾಂತ ಸರಿದು ಕಾಯಿಲ್ ಒಂದೇ ಬದಿಗೆ ಕಚ್ಚಿಕೊಂಡಿದ್ದರೆ ಬಾಕ್ಸ್ ಬಿದ್ದಿದೆ ಎಂದೇ ಅರ್ಥ, ಮನೆಯವರು ಏನೇ ಹೇಳಲಿ. (ಟ್ವೀಟರಿನ ಗುಮ್ಮಟವನ್ನು ಮಗು ಒತ್ತಿ ಕುಳಿ ಮಾಡಿದ್ದನ್ನು ಕಂಡು ಗಾಬರಿಯಾಗುವವರೇ ಹೆಚ್ಚು. ಬಟ್ಟೆಯ ಗುಮ್ಮಟದ ಕುಳಿ ಸಾಮಾನ್ಯವಾಗಿ ನೋಟಕ್ಕಷ್ಟೇ ಕೆಟ್ಟದ್ದು.)

ಉಪ್ಪುಗಾಳಿಯ ವಿಷಯಕ್ಕೆ ಬಂದರೆ, ಇಲ್ಲಿ ನಿಮ್ಮ ಮಾತಿಗೆ ಬಲವಿದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಶರಾವತಿಯೂ ಅಘನಾಶಿನಿಯೂ ಸಮುದ್ರ ಸೇರುವ ದಂಡೆಯಲ್ಲಿ ಕಬ್ಬಿಣ ತುಕ್ಕು ಹಿಡಿಯದೆ ಇರದು. ಆದರೆ ತೇವ ಮಾಡುವ ಹಾನಿಗೂ ತನ್ನದೇ ಗುರುತಿದೆ, ಅದು ಒಂದು ರಾತ್ರಿಯಲ್ಲಿ ಆಗುವಂಥದ್ದಲ್ಲ. ಕೋನಿನ ಸುತ್ತಲಿನ ಫೋಮಿನ ಅಂಚು ತೇವದ ಗಾಳಿಯಲ್ಲಿ ರಾಸಾಯನಿಕವಾಗಿಯೇ ಶಿಥಿಲವಾಗುತ್ತದೆ. ಹತ್ತು ಹದಿನೈದು ವರ್ಷಕ್ಕೆ ಬೆರಳು ತಾಗಿಸಿದರೆ ಪುಡಿ. ಅದನ್ನು ಬಳಸದೆ ಮುಚ್ಚಿಟ್ಟರೂ ಹಾಗೆಯೇ. ರಬ್ಬರಿನ ಅಂಚು ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಬಾಳುತ್ತದೆ. ಫೋಮ್ ಹೋದ ಸ್ಪೀಕರಿನ ಕಾಯಿಲ್ ಬಹಳ ಸಲ ಆರೋಗ್ಯವಾಗಿಯೇ ಇರುತ್ತದೆ. ಅಂಚೊಂದನ್ನು ಬದಲಿಸಿದರೆ ಮುಗಿಯುವ ಕಡೆ ಪೇಪರ್, ಕಾಯಿಲ್ ಎಲ್ಲ ಕಿತ್ತು ಹಾಕುವುದು ಗಿರಾಕಿಗೆ ದಂಡ, ಮೂಲ ಸ್ವರವೂ ಹೋಗುತ್ತದೆ. ಸಂದಿಯ ಕಬ್ಬಿಣ ತುಕ್ಕು ಹಿಡಿದು ಉಬ್ಬಿದ್ದರೆ ಕಾಯಿಲಿನ ಮೇಲೆ ಉದ್ದುದ್ದ ಗೀರು, ಕೆಂಪು ಪುಡಿ ಕಾಣುತ್ತದೆ. ಹಿಂದಿನ ಟರ್ಮಿನಲ್ಲಿನಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಸದ್ದು ಹೋಗಿ ಬಂದು ಮಾಡುತ್ತದೆ, ಉಜ್ಜಿ ಬಿಗಿದರೆ ಸರಿಹೋಗುತ್ತದೆ. ಪೆಟ್ಟಿಗೆಯ ತೂತಿನೊಳಗೆ ಹುಳ ಮಣ್ಣಿನ ಗೂಡು ಕಟ್ಟಿದ್ದರೆ ಬಾಸ್ ಸೊರಗುತ್ತದೆ, ಸ್ಪೀಕರಿನಲ್ಲಿ ದೋಷವೇ ಇರುವುದಿಲ್ಲ. ಉಪ್ಪುಗಾಳಿ ಎನ್ನುವುದಾದರೆ ಇವುಗಳಲ್ಲಿ ಯಾವುದನ್ನು ಕಂಡಿರಿ ಎಂದು ಹೇಳಿ. ಕರಕಲಾದ ಕಾಯಿಲನ್ನು ಕೈಯಲ್ಲಿ ಹಿಡಿದುಕೊಂಡು ಸಮುದ್ರದ ಕಡೆ ಬೊಟ್ಟು ಮಾಡಬೇಡಿ.

ಕರೆಂಟಿನ ಮೇಲಿನ ಆರೋಪ ಇನ್ನೂ ದುರ್ಬಲ. 230 ವೋಲ್ಟಿನ ಏರುಪೇರಾಗಲಿ, ಮಳೆಗಾಲದ ಮುಂಚಿನ ಸಿಡಿಲಾಗಲಿ ಬಾಕ್ಸಿಗೆ ನೇರ ತಲುಪುವ ದಾರಿಯಿಲ್ಲ. ಮೊದಲು ಆಂಪ್ಲಿಫೈಯರಿನ ಫ್ಯೂಸು, ಟ್ರಾನ್ಸ್‌ಫಾರ್ಮರು, ಡಯೋಡುಗಳನ್ನು ದಾಟಬೇಕು. ಅವೆಲ್ಲ ಜೀವಂತವಿದ್ದು ಸ್ಪೀಕರ್ ಮಾತ್ರ ಸತ್ತಿದ್ದರೆ ಸಿಡಿಲಿನ ಕಥೆ ನಿಲ್ಲುವುದಿಲ್ಲ. ಸಿಡಿಲು ಔಟ್‌ಪುಟ್ ಟ್ರಾನ್ಸಿಸ್ಟರನ್ನು ಕೆಡಿಸಿ, ಅದು ಡಿಸಿ ಕಳಿಸಿ ವೂಫರ್ ಸುಡುವುದು ಸಾಧ್ಯ. ಆಗಲೂ ತಪಾಸಣೆ ಹೋಗಿ ನಿಲ್ಲುವುದು ಆಂಪ್ಲಿಫೈಯರಿನಲ್ಲೇ. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ ಇರುವ ಹೊಸ ಬಗೆಯ ಸ್ಪೀಕರುಗಳಿಗೆ ಮಾತ್ರ ಈ ವಾದ ಬೇರೆ ರೀತಿ ಹೊಂದುತ್ತದೆ.

ನೀವು ಏನು ಹೇಳಬಹುದೆಂದು ಗೊತ್ತು. ಇಷ್ಟೆಲ್ಲ ನೋಡಲು ಪುರಸೊತ್ತೆಲ್ಲಿ, ಗಿರಾಕಿ ಕೇಳುವುದು ಯಾವಾಗ ಸಿಗುತ್ತದೆ, ಎಷ್ಟಾಗುತ್ತದೆ ಎಂದಷ್ಟೇ. ನಿಜ. ಆದರೆ ಹೇಗೂ ಕೀಳಲೇಬೇಕಾದ ಕಾಯಿಲನ್ನು ಬೆಳಕಿಗೆ ಹಿಡಿದು ನೋಡುವುದಕ್ಕೆ ಬೇರೆ ಸಮಯ ಬೇಡ. ಬಿಚ್ಚುವ ಮೊದಲು ಮಲ್ಟಿಮೀಟರ್ ಇಟ್ಟು ಓಮ್ ನೋಡುವುದು, ಎರಡೂ ಕೈಬೆರಳಿನಿಂದ ಕೋನನ್ನು ಸಮನಾಗಿ ಒತ್ತಿ ಉಜ್ಜುವ ಸದ್ದಿದೆಯೇ ಎಂದು ಕೇಳುವುದು, ಮೂಗಿನ ಹತ್ತಿರ ಹಿಡಿದು ಸುಟ್ಟ ವಾರ್ನಿಷಿನ ವಾಸನೆ ನೋಡುವುದು, ಇವೆಲ್ಲ ಚಹಾ ಆರುವುದರೊಳಗೆ ಮುಗಿಯುತ್ತವೆ. ಎಂಟು ಓಮಿನ ಸ್ಪೀಕರ್ ಮೀಟರಿನಲ್ಲಿ ಐದೂವರೆಯಿಂದ ಏಳರ ನಡುವೆ ತೋರಿಸಿದರೆ ಕಾಯಿಲ್ ತುಂಡಾಗಿಲ್ಲ. ಎರಡು ಮೂರಕ್ಕೆ ಇಳಿದಿದ್ದರೆ ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ, ಅದನ್ನು ಹಾಗೆಯೇ ಜೋಡಿಸಿದರೆ ಆಂಪ್ಲಿಫೈಯರಿಗೂ ಅಪಾಯ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕಾರಣ ಒಂದೇ ಇರುವುದಿಲ್ಲ. ಶಾಖಕ್ಕೆ ಅಂಟು ಸಡಿಲಾಗಿ, ಸುತ್ತು ಬಿಚ್ಚಿ, ಸಂದಿಗೆ ಉಜ್ಜಿ, ಕೊನೆಗೆ ತಂತಿ ತುಂಡಾದರೆ ಅದನ್ನು ಸುಟ್ಟದ್ದು ಎನ್ನಬೇಕೋ ಉಜ್ಜಿದ್ದು ಎನ್ನಬೇಕೋ? ಮೊದಲು ಆದದ್ದು ಯಾವುದೆಂದು ನೋಡಬೇಕು. ತಾಮ್ರ ಕಪ್ಪಾಗಿದ್ದು ಅದರ ಮೇಲೆ ಹೊಳೆಯುವ ಗೀರು ಬಿದ್ದಿದ್ದರೆ ಶಾಖ ಮೊದಲು, ಉಜ್ಜಾಟ ಆಮೇಲೆ. ತಾಮ್ರ ಹೊಳಪಾಗಿಯೇ ಇದ್ದು ಒಂದೇ ಬದಿಯ ವಾರ್ನಿಷ್ ಸವೆದಿದ್ದರೆ ಶಾಖ ಈ ಕಥೆಯಲ್ಲೇ ಇಲ್ಲ, ಹಳೆಯ ಫೋಮೋ ಸರಿದ ಅಯಸ್ಕಾಂತವೋ ಕಾರಣ. ಕೆಲವು ಸಲ ಏನೂ ಹೇಳಲಾಗದು. ಆಗ "ಕಾರಣ ಸ್ಪಷ್ಟವಿಲ್ಲ" ಎಂದು ಬರೆದುಕೊಟ್ಟರೆ ಅದೂ ಪ್ರಾಮಾಣಿಕ ತೀರ್ಪೇ.

ಕಾರಣ ಬರೆದುಕೊಟ್ಟರೆ ಜಗಳ ಬರುತ್ತದೆ ಎಂಬ ಭಯವೂ ನಿಮಗಿರಬಹುದು. ವಾಸ್ತವದಲ್ಲಿ ಬರೆಯದಿರುವುದೇ ಜಗಳದ ಮೂಲ. ಸುಟ್ಟ ಕಾಯಿಲಿಗೆ ವಾರಂಟಿ ಇಲ್ಲ ಎನ್ನುವ ಕಂಪನಿಗಳು ಹಲವು. ಗಿರಾಕಿ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ, 2019ರ ಗ್ರಾಹಕ ರಕ್ಷಣಾ ಕಾಯ್ದೆಯ 38ನೇ ಕಲಮಿನಂತೆ, ಪರೀಕ್ಷೆಯಿಲ್ಲದೆ ತೀರ್ಮಾನಿಸಲಾಗದ ದೋಷವಿದ್ದಾಗ ವಸ್ತುವಿನ ಮಾದರಿಯನ್ನು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿಗೆ 45 ದಿನಗಳ ಗಡುವಿದೆ. ಬುಟ್ಟಿಗೆ ಹೋದ ಕಾಯಿಲಿನ ಮಾದರಿಯನ್ನು ಎಲ್ಲಿಂದ ಕಳಿಸುವುದು? ವಾರಂಟಿ ಇರುವ ಬಾಕ್ಸನ್ನು ಬಿಚ್ಚದೆ ಹಿಂದಿರುಗಿಸುವುದು ನಿಮಗೂ ಕ್ಷೇಮ. ವಾರಂಟಿ ಮುಗಿದದ್ದನ್ನು ಬಿಚ್ಚಿದರೆ ಹಳೆಯ ಕಾಯಿಲನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಿರಾಕಿಯ ಕೈಗೆ ಕೊಡಿ, ಬಿಲ್ಲಿನ ಹಿಂದೆ ಎರಡು ಸಾಲು ಬರೆಯಿರಿ. ಆ ಎರಡು ಸಾಲು ಓದಿ ಅವನು ತನ್ನ ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ಕಲಿಯುತ್ತಾನೋ ಇಲ್ಲವೋ ಅವನಿಗೆ ಬಿಟ್ಟದ್ದು.

ಸುಟ್ಟ ವೂಫರ್ ತಂದವರಿಗೆ ಹೊಸ ಕಾಯಿಲ್ ಕೂರಿಸಿದ ಮೇಲೆ ಬಾಕ್ಸನ್ನು ಕೂಡಲೇ ಕೊಟ್ಟು ಕಳಿಸಬೇಡಿ. ಆಂಪ್ಲಿಫೈಯರನ್ನೂ ತರಲು ಹೇಳಿ, ಸ್ಪೀಕರ್ ಜೋಡಿಸದೆ, ಹಾಡು ಹಾಕದೆ, ಅದರ ಎರಡೂ ಕಡೆಯ ಟರ್ಮಿನಲ್ಲಿನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ವೋಲ್ಟುಗಳಲ್ಲಿ ತೋರಿಸಿದರೆ ಮೊದಲು ಆಂಪ್ಲಿಫೈಯರ್ ರಿಪೇರಿ ಮಾಡಿ, ಬಾಕ್ಸ್ ಅಲ್ಲಿಯವರೆಗೆ ನಿಮ್ಮ ಅಂಗಡಿಯಲ್ಲೇ ಇರಲಿ.

ಇಂತಿ,
ಇಡಗುಂಜಿಯ ಒಬ್ಬ ಕೇಳುಗ